ವೃದ್ಧಾಶ್ರಮದ ಆರೈಕೆ ಹೇಗಿದೆಯೆಂದು ತಿಳಿಯುವ ಬಗೆ

ಪ್ರಶ್ನೆ: ನನ್ನ ತಾಯಿಗೆ 78 ವರ್ಷ. ಒಂದೂವರೆ ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ಮಾತು ತೊದಲುತ್ತದೆ. ಸಕ್ಕರೆ ಕಾಯಿಲೆಗೆ ದಿನಕ್ಕೆ ಎರಡು ಬಾರಿ ಇನ್ಸುಲಿನ್ ಕೊಡುತ್ತೇವೆ. ಈಚೆಗೆ ಮರೆವೂ ಹೆಚ್ಚಿದೆ. ಮನೆಗೆ ಬರುತ್ತಿದ್ದ ಆಯಾ ಕೆಲಸ ಬಿಟ್ಟ ಮೇಲೆ ವಿಧಿಯಿಲ್ಲದೆ ಬೆಂಗಳೂರಿನ ಹೊರವಲಯದ ಎರಡು ಖಾಸಗಿ ವೃದ್ಧಾಶ್ರಮಗಳನ್ನು ನೋಡಿಬಂದೆವು. ಎರಡೂ ಚೊಕ್ಕಟವಾಗಿವೆ, ಮಾತನಾಡಿದವರೂ ವಿನಯದಿಂದಲೇ ಮಾತನಾಡಿದರು. ಯಾವುದರಲ್ಲಿ ನಿಜವಾಗಿ ಒಳ್ಳೆಯ ಆರೈಕೆ ಸಿಗುತ್ತದೆ ಎಂದು ತಿಳಿಯುವುದು ಹೇಗೆ?
— ಓದುಗರೊಬ್ಬರು, ತುಮಕೂರು

ಉತ್ತರ: ನೀವು ಇದುವರೆಗೆ ನೋಡಿರುವುದು ಕಟ್ಟಡ, ಕಚೇರಿ ಮತ್ತು ಕಚೇರಿಯವರ ನಡವಳಿಕೆ. ಆರೋಗ್ಯ ಸೇವೆಯ ಗುಣಮಟ್ಟವನ್ನು ಅಳೆಯಲು 1966ರಲ್ಲಿ ಅವೆಡಿಸ್ ಡೊನಬೆಡಿಯನ್ ಎಂಬ ವೈದ್ಯರು ಮಾಡಿದ ಮೂರು ವಿಭಾಗಗಳು ಇಂದಿಗೂ ಬಳಕೆಯಲ್ಲಿವೆ: ಇರುವ ಸೌಕರ್ಯ, ನಡೆಯುವ ಕೆಲಸ, ಆ ಕೆಲಸದಿಂದ ಆದ ಫಲ. ಇವುಗಳಲ್ಲಿ ಮೊದಲನೆಯದು ಹೋದವರ ಕಣ್ಣಿಗೆ ತಾನಾಗಿ ಬೀಳುತ್ತದೆ. ಉಳಿದೆರಡನ್ನು ಹುಡುಕಿಕೊಂಡು ಹೋಗಬೇಕು. ಅವು ಕಾಣುವುದು ಅಲ್ಲಿ ಈಗಾಗಲೇ ವಾಸವಾಗಿರುವ ಹಿರಿಯರ ಮೈಮೇಲೆ.

ಆದ್ದರಿಂದ ಎರಡನೆಯ ಸಲ ಹೋದಾಗ ತೋಟವನ್ನೂ ಪ್ರಾರ್ಥನಾ ಮಂದಿರವನ್ನೂ ಬಿಟ್ಟು, ಎದ್ದು ಓಡಾಡಲಾಗದವರು ಇರುವ ಕೋಣೆಯನ್ನು ತೋರಿಸಿ ಎಂದು ಕೇಳಿ. ನಿಮ್ಮ ತಾಯಿ ಇರಬೇಕಾದದ್ದು ಅಂಥ ಕೋಣೆಯಲ್ಲೇ. ಅಲ್ಲಿರುವವರ ಅನುಮತಿ ಪಡೆದು, ಅವರಿಗೆ ಮುಜುಗರವಾಗದಂತೆ ನೋಡಿದರೂ ಬಹಳಷ್ಟು ತಿಳಿಯುತ್ತದೆ. ಕೈಯ ಉಗುರು ಕತ್ತರಿಸಿದೆಯೇ, ತುಟಿ ಒಣಗಿ ಬಿರಿದಿದೆಯೇ, ಬಾಯಿ ತೊಳೆಸಿದ ಗುರುತಿದೆಯೇ, ಕನ್ನಡಕ ಮತ್ತು ಕಿವಿಯ ಯಂತ್ರ ಮೈಮೇಲಿವೆಯೇ ಅಥವಾ ಬೀರುವಿನಲ್ಲಿವೆಯೇ ಎಂಬುದನ್ನು ಗಮನಿಸಿ. ಮೂತ್ರದ ವಾಸನೆ ಒಂದು ಹಾಸಿಗೆಯ ಬಳಿ ಒಂದು ಹೊತ್ತಿನಲ್ಲಿ ಬಂದರೆ ಅದು ಸಹಜ, ಆದರೆ ಇಡೀ ಪಡಸಾಲೆಯಲ್ಲಿ ಸದಾ ಇದ್ದರೆ ಡೈಪರ್ ಬದಲಿಸುವುದು ತಡವಾಗುತ್ತಿದೆ ಎಂದೇ ತಿಳಿಯಬೇಕು. ಫಿನಾಯಿಲ್ ವಾಸನೆ ಮೂಗಿಗೆ ಬಡಿಯುವಷ್ಟಿದ್ದರೂ ಅದು ಏನನ್ನು ಮುಚ್ಚುತ್ತಿದೆ ಎಂದು ಯೋಚಿಸಿ.

ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವುದು ಹಾಸಿಗೆ ಹುಣ್ಣಿಗೆ. ತಾನಾಗಿ ಮಗ್ಗುಲು ಬದಲಿಸಲಾಗದವರ ಸೊಂಟದ ಹಿಂಭಾಗ, ಪೃಷ್ಠ, ಹಿಮ್ಮಡಿಗಳ ಚರ್ಮ ಒತ್ತಡದಿಂದ ರಕ್ತ ಸಂಚಾರ ಕಳೆದುಕೊಂಡು ಮೊದಲು ಕೆಂಪಾಗುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೂ ಆ ಕೆಂಪು ಮಾಸದಿದ್ದರೆ ಹುಣ್ಣು ಶುರುವಾಗಿದೆ ಎಂದರ್ಥ. ಇದನ್ನು ತಡೆಯಲು ಸಾಮಾನ್ಯವಾಗಿ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗದಂತೆ ದಿಂಬು ಕೊಡಬೇಕು, ಚರ್ಮವನ್ನು ಒಣಗಿರುವಂತೆ ನೋಡಿಕೊಳ್ಳಬೇಕು. ಇವೆಲ್ಲ ದುಬಾರಿ ಯಂತ್ರ ಬೇಡುವ ಕೆಲಸಗಳಲ್ಲ, ಆದರೆ ಹಗಲೂ ರಾತ್ರಿ ತಪ್ಪದೆ ಆಗಬೇಕು. ಆದ್ದರಿಂದಲೇ ಹಾಸಿಗೆ ಹುಣ್ಣು ಆ ಮನೆಯ ಶಿಸ್ತನ್ನು ತೋರಿಸಿಕೊಡುತ್ತದೆ. ಈಗ ಎಷ್ಟು ಜನರಿಗೆ ಹುಣ್ಣಿದೆ, ಅವರಲ್ಲಿ ಆಸ್ಪತ್ರೆಯಿಂದಲೇ ಹುಣ್ಣು ತಂದವರೆಷ್ಟು, ಇಲ್ಲಿಗೆ ಬಂದ ಮೇಲೆ ಆದವರೆಷ್ಟು ಎಂದು ನೇರವಾಗಿ ಕೇಳಿ. ಲೆಕ್ಕ ಇಟ್ಟವರು ತಡವರಿಸದೆ ಹೇಳುತ್ತಾರೆ. ‘ನಮ್ಮಲ್ಲಿ ಯಾರಿಗೂ ಯಾವತ್ತೂ ಆಗಿಲ್ಲ’ ಎಂಬ ಉತ್ತರವನ್ನು, ಹಾಸಿಗೆ ಹಿಡಿದವರು ಹಲವರಿರುವ ಕಡೆ, ನಾನು ಅನುಮಾನದಿಂದಲೇ ಕೇಳುತ್ತೇನೆ.

ಮಗ್ಗುಲು ಬದಲಿಸಿದ ದಾಖಲೆಯ ಹಾಳೆಯನ್ನೂ ನೋಡಿ. ನಿಜವಾಗಿ ಬರೆದ ಹಾಳೆಯಲ್ಲಿ ಬೇರೆ ಬೇರೆ ಕೈಬರಹವಿರುತ್ತದೆ, ಹೊತ್ತು ಹತ್ತಿಪ್ಪತ್ತು ನಿಮಿಷ ಹಿಂದುಮುಂದಾಗಿರುತ್ತದೆ, ಅಲ್ಲೊಂದು ಇಲ್ಲೊಂದು ‘ಬೇಡವೆಂದರು’, ‘ನೋವೆಂದರು’ ಎಂಬ ಟಿಪ್ಪಣಿಯೂ ಇರುತ್ತದೆ. ಸಂಜೆ ನಾಲ್ಕಕ್ಕೆ ನೀವು ಹೋದಾಗ ರಾತ್ರಿ ಹತ್ತರವರೆಗಿನ ಮನೆಗಳು ಒಂದೇ ಪೆನ್ನಿನಲ್ಲಿ ಆಗಲೇ ತುಂಬಿದ್ದರೆ ಮತ್ತೇನನ್ನೂ ಕೇಳುವ ಅಗತ್ಯವಿಲ್ಲ.

ನಿಮ್ಮ ತಾಯಿಯ ವಿಷಯದಲ್ಲಿ ಇನ್ನೊಂದು ಮುಖ್ಯ ಸಂಗತಿಯಿದೆ. ಬಲಭಾಗದ ಲಕ್ವ ಎಂದರೆ ಪೆಟ್ಟು ಬಿದ್ದಿರುವುದು ಮೆದುಳಿನ ಎಡಭಾಗಕ್ಕೆ; ಹೆಚ್ಚಿನವರಲ್ಲಿ ಮಾತಿನ ಕೇಂದ್ರಗಳೂ ಅಲ್ಲೇ ಇರುತ್ತವೆ. ಬಾಯಾರಿಕೆ, ನೋವು, ಒದ್ದೆಯಾದ ಬಟ್ಟೆ ಯಾವುದನ್ನೂ ಅವರು ಸ್ಪಷ್ಟವಾಗಿ ಹೇಳಲಾರರು. ಹೀಗಾಗಿ ಕೇಳದೆಯೇ ಗಮನಿಸುವ ಜನ ಅವರಿಗೆ ಬೇಕು. ಅದನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. ಬಲಭಾಗ ಸ್ವಾಧೀನವಿಲ್ಲದ ಬೇರೊಬ್ಬರು ಅಲ್ಲಿದ್ದರೆ ಅವರ ಕರೆಗಂಟೆ ಮತ್ತು ನೀರಿನ ಲೋಟ ಯಾವ ಬದಿಗಿವೆ ಎಂದು ನೋಡಿ. ಎಡಗೈಗೆ ಎಟುಕುವಂತಿದ್ದರೆ ಅಲ್ಲಿ ಯೋಚಿಸಿ ಕೆಲಸ ಮಾಡುವವರಿದ್ದಾರೆ. ಹಾಗೆಯೇ, ಈಗ ಅನೇಕ ಕಡೆ ಆರೈಕೆಯ ಸಿಬ್ಬಂದಿ ಹೊರರಾಜ್ಯಗಳಿಂದ ಬಂದವರು. ಅವರಲ್ಲಿ ಪ್ರೀತಿಯಿಂದ ನೋಡಿಕೊಳ್ಳುವವರು ಬೇಕಾದಷ್ಟಿದ್ದಾರೆ. ಆದರೆ ತೊದಲುವ ಕನ್ನಡವನ್ನು ತಿಳಿದುಕೊಳ್ಳಬಲ್ಲವರು ಪ್ರತಿ ಪಾಳಿಯಲ್ಲೂ ಒಬ್ಬರಾದರೂ ಇರಲೇಬೇಕೆಂದು ನೀವು ಕೇಳುವುದು ಅತಿಯಾದ ಬೇಡಿಕೆಯಲ್ಲ.

ಒಂದು ಹೊತ್ತಿನ ಊಟವನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಿ. ಲಕ್ವವಾದ ಅನೇಕರಿಗೆ ನುಂಗುವುದು ಕಷ್ಟ. ಮಲಗಿಸಿಯೇ ಉಣಿಸಿದರೆ, ಅಥವಾ ನಿಂತುಕೊಂಡು ಅವಸರದಲ್ಲಿ ತುತ್ತಿನ ಮೇಲೆ ತುತ್ತು ತುರುಕಿದರೆ, ಅನ್ನ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿದೆ. ಉಣಿಸುವವರು ಎದುರಿಗೆ ಕುಳಿತಿದ್ದಾರೆಯೇ, ಹಿರಿಯರನ್ನು ನೆಟ್ಟಗೆ ಕೂರಿಸಿದ್ದಾರೆಯೇ, ಒಂದು ತುತ್ತು ಇಳಿದ ಮೇಲೆ ಇನ್ನೊಂದು ಕೊಡುತ್ತಾರೆಯೇ, ಕೆಮ್ಮು ಬಂದರೆ ನಿಲ್ಲಿಸುತ್ತಾರೆಯೇ, ಊಟವಾದ ಮೇಲೆ ಅರ್ಧ ಗಂಟೆಯಾದರೂ ಕೂರಿಸುತ್ತಾರೆಯೇ ಎಂಬುದನ್ನು ನೋಡಿ. ಮೆನು ಪಟ್ಟಿಯಲ್ಲಿ ಏನಿದೆ ಎಂಬುದಕ್ಕಿಂತ ಎಷ್ಟು ಹೊಟ್ಟೆಗೆ ಹೋಯಿತು ಎಂಬುದು ಮುಖ್ಯ, ಮತ್ತು ಅದಕ್ಕೆ ಸಾಕ್ಷಿ ತಿಂಗಳಿಗೊಮ್ಮೆ ಬರೆದಿಟ್ಟ ದೇಹತೂಕ. ಉದ್ದೇಶವಿಲ್ಲದೆ ಒಂದು ತಿಂಗಳಲ್ಲಿ ಶೇ 5ರಷ್ಟು, ಅಂದರೆ 50 ಕಿಲೋ ಇದ್ದವರು 47.5 ಕಿಲೋಗೆ ಇಳಿದರೆ ವೈದ್ಯರಿಗೆ ತೋರಿಸಲೇಬೇಕು.

ಇನ್ಸುಲಿನ್ ಕೊಡುವವರು ಯಾರು ಎಂಬುದನ್ನು ಖಚಿತಪಡಿಸಿಕೊಳ್ಳಿ. ತಾಯಿ ಅರ್ಧವೇ ಊಟ ಮಾಡಿದ ರಾತ್ರಿಯೂ ಎಂದಿನಷ್ಟೇ ಇನ್ಸುಲಿನ್ ಹಾಕಿದರೆ ನಸುಕಿನಲ್ಲಿ ಸಕ್ಕರೆ ಅಂಶ 70ಕ್ಕಿಂತ ಕೆಳಗಿಳಿಯಬಹುದು, ಇನ್ನೂ ಇಳಿದರೆ ಪ್ರಜ್ಞೆ ತಪ್ಪಬಹುದು. ಮಾತು ತೊದಲುವವರಲ್ಲಿ ಇದು ನಿದ್ದೆಯೆಂದೇ ತಪ್ಪಾಗಿ ಭಾವಿಸಲ್ಪಡುತ್ತದೆ. ‘ಅಮ್ಮ ಇವತ್ತು ಊಟ ಬೇಡ ಅಂದರೆ ಇನ್ಸುಲಿನ್ ಏನು ಮಾಡುತ್ತೀರಿ?’ ಎಂದು ಪಾಳಿಯಲ್ಲಿರುವ ನರ್ಸ್ ಅವರನ್ನೇ ಕೇಳಿ. ಗ್ಲುಕೋಮೀಟರಿನಲ್ಲಿ ನೋಡಿ, ವೈದ್ಯರಿಗೆ ಫೋನ್ ಮಾಡಿ ನಿರ್ಧರಿಸುತ್ತೇವೆ ಎಂಬ ಅರ್ಥದ ಉತ್ತರ ಬರಬೇಕು.

ಇಷ್ಟೆಲ್ಲ ಕೆಲಸಕ್ಕೆ ಜನ ಬೇಕಲ್ಲವೇ? ‘ಒಟ್ಟು ಸಿಬ್ಬಂದಿ ಎಷ್ಟು’ ಎಂದು ಕೇಳಿದರೆ ಅಡುಗೆಯವರು, ಚಾಲಕರು ಸೇರಿ ದೊಡ್ಡ ಸಂಖ್ಯೆ ಬರುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿರುವವರು ಎಷ್ಟು, ಅವರು ಎಷ್ಟು ಹಾಸಿಗೆ ನೋಡುತ್ತಾರೆ, ಅದೇ ಜನ ಹಗಲೂ ದುಡಿದವರೇ ಎಂದು ಕೇಳಿ. ಆಯಾಗಳು ಎಷ್ಟು ಕಾಲದಿಂದ ಇದ್ದಾರೆ ಎಂಬುದನ್ನು ಅವರ ಬಾಯಿಂದಲೇ ತಿಳಿಯಿರಿ. ಮೂರು ತಿಂಗಳಿಗೊಮ್ಮೆ ಜನ ಬದಲಾಗುವ ಕಡೆ ಯಾರಿಗೆ ಯಾವ ಮಗ್ಗುಲು ನೋವು ಎಂಬುದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಒಂದು ಭೇಟಿಯನ್ನಾದರೂ ಮುಂಚೆ ತಿಳಿಸದೆ, ಭಾನುವಾರವೋ ರಾತ್ರಿ ಏಳೂವರೆಯ ಸುಮಾರಿಗೋ ಮಾಡಿ. ಸೇರಿಸಿದ ಮೇಲೆ ಬಂಧುಗಳು ಯಾವ ಹೊತ್ತಿನಲ್ಲಾದರೂ ಬರಬಹುದೇ ಎಂಬ ಪ್ರಶ್ನೆಗೆ ‘ತಿಂಗಳಿಗೆ ಒಂದು ಭಾನುವಾರ ಮಾತ್ರ’ ಎನ್ನುವ ಮನೆಗೆ ನಾನಾದರೆ ನನ್ನವರನ್ನು ಸೇರಿಸುವುದಿಲ್ಲ.

ಹಣದ ಮಾತನ್ನು ಬರಹದಲ್ಲಿ ಪಡೆಯಿರಿ: ಡೈಪರ್, ಫಿಸಿಯೋಥೆರಪಿ, ಆಂಬುಲೆನ್ಸ್ ಮಾಸಿಕ ಶುಲ್ಕದೊಳಗೆ ಬರುತ್ತವೆಯೇ, ಠೇವಣಿ ಯಾವಾಗ ಮರಳುತ್ತದೆ, ಕಾಯಿಲೆ ಉಲ್ಬಣಿಸಿದರೆ ಇರಿಸಿಕೊಳ್ಳುತ್ತಾರೆಯೇ.

ಸರ್ಕಾರದ ಪ್ರಮಾಣಪತ್ರ ನೋಡಿ ನಿಶ್ಚಿಂತರಾಗಬಹುದೇ ಎಂದು ನಿಮಗನ್ನಿಸಬಹುದು. ಇಂಗ್ಲೆಂಡಿನಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ ಆರೈಕೆ ಮನೆಗಳನ್ನು ತಪಾಸಣೆ ಮಾಡಿ ದರ್ಜೆ ಕೊಟ್ಟು ವರದಿಯನ್ನು ಎಲ್ಲರಿಗೂ ಓದಲು ಬಿಡುತ್ತದೆ. ನಮ್ಮ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆಯ 19ನೇ ಕಲಮು ಮುಖ್ಯವಾಗಿ ನಿರ್ಗತಿಕ ಹಿರಿಯರಿಗಾಗಿ ಜಿಲ್ಲೆಗೊಂದು, ಕನಿಷ್ಠ 150 ಜನರ ವೃದ್ಧಾಶ್ರಮವನ್ನು ಕುರಿತದ್ದು. ಆರೈಕೆ ಕೇಂದ್ರಗಳ ನೋಂದಣಿ ಮತ್ತು ಕನಿಷ್ಠ ಗುಣಮಟ್ಟವನ್ನು ಸೇರಿಸಿದ್ದ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು, ಕಾಯ್ದೆಯಾಗಲಿಲ್ಲ. ಇದು ಬೇಸರದ ಸಂಗತಿ. ಸದ್ಯಕ್ಕೆ ಕುಟುಂಬದವರೇ ತಪಾಸಕರಾಗಬೇಕಾಗಿದೆ. ಸಾಧ್ಯವಿದ್ದರೆ ಮೊದಲು ಒಂದು ತಿಂಗಳ ಮಟ್ಟಿಗೆ ಸೇರಿಸಿ, ಸೇರಿಸುವ ದಿನದ ತೂಕ ಮತ್ತು ಚರ್ಮದ ಸ್ಥಿತಿಯನ್ನು ಇಬ್ಬರೂ ಸಹಿ ಮಾಡಿದ ಹಾಳೆಯಲ್ಲಿ ಬರೆಸಿಟ್ಟು, ತಿಂಗಳ ಕೊನೆಯಲ್ಲಿ ಹೋಲಿಸಿ ನೋಡಿ.

ಪ್ರಶ್ನೆ: ಮರೆವಿನ ಕಾಯಿಲೆಯಿರುವ ನಮ್ಮ ತಂದೆ ಎಂಟು ತಿಂಗಳಿಂದ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಓಡಾಡಿಕೊಂಡಿದ್ದವರು ಈಗ ಮೂರು ವಾರದಿಂದ ಹಗಲೆಲ್ಲ ತೂಕಡಿಸುತ್ತಾರೆ. ಒಮ್ಮೆ ಅವರನ್ನು ಕುರ್ಚಿಗೆ ಬಟ್ಟೆಯಿಂದ ಕಟ್ಟಿದ್ದರು. ಕೇಳಿದರೆ ‘ವಯಸ್ಸಾಯಿತು, ಬೀಳಬಾರದಲ್ಲ’ ಎಂದರು. ಹೆಚ್ಚು ಕೇಳಿದರೆ ಅಪ್ಪನಿಗೇ ತೊಂದರೆಯಾದೀತೆಂಬ ಭಯ.
— ಓದುಗರೊಬ್ಬರು, ಹಾಸನ

ಉತ್ತರ: ಮೂರು ವಾರದಲ್ಲಿ ಆದ ಬದಲಾವಣೆಗೆ ವಯಸ್ಸು ಕಾರಣವಾಗಿರಲಾರದು. ಮೂತ್ರದ ಸೋಂಕು, ಮಲಬದ್ಧತೆ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಬಿದ್ದು ತಲೆಗೆ ಪೆಟ್ಟಾಗಿರುವುದು, ಹೊಸದಾಗಿ ಶುರು ಮಾಡಿದ ಮಾತ್ರೆ, ಇವುಗಳಲ್ಲಿ ಯಾವುದೂ ಆಗಿರಬಹುದು. ಈ ವಾರವೇ ವೈದ್ಯರಿಗೆ ತೋರಿಸಿ, ಜೊತೆಗೆ ಕಳೆದ ಎರಡು ತಿಂಗಳ ಔಷಧ ಪಟ್ಟಿಯ ಪ್ರತಿಯನ್ನು ಕೇಳಿ ಪಡೆಯಿರಿ. ರಿಸ್ಪೆರಿಡೋನ್, ಕ್ವೆಟಯಪಿನ್, ಹ್ಯಾಲೋಪೆರಿಡಾಲ್, ಲೊರಾಜೆಪಾಮ್ ಮೊದಲಾದ ಹೆಸರುಗಳಿದ್ದರೆ ಯಾರು, ಯಾವಾಗ, ಯಾವ ಕಾರಣಕ್ಕೆ ಬರೆದರು ಎಂದು ಕೇಳಿ. ಮೊದಲ ಮೂರರಂಥ ಮನೋರೋಗದ ಔಷಧಗಳು ಮರೆವಿನ ಕಾಯಿಲೆಯ ವೃದ್ಧರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ರಿಸ್ಪೆರಿಡೋನ್, ಕ್ವೆಟಯಪಿನ್‌ನಂಥವುಗಳ ಬಗ್ಗೆ 2005ರಲ್ಲೇ, ಹ್ಯಾಲೋಪೆರಿಡಾಲ್‌ನಂಥವುಗಳ ಬಗ್ಗೆ 2008ರಲ್ಲಿ ಎಚ್ಚರಿಸಿದೆ. ಕೆಲವೊಮ್ಮೆ ಅವು ಬೇಕಾಗುತ್ತವೆ, ಆದರೆ ಸಿಬ್ಬಂದಿ ಸಾಲದೆಂಬ ಕಾರಣಕ್ಕೆ ಕೊಡುವಂಥವಲ್ಲ. ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ, ಇಳಿಸುವ ಕ್ರಮವನ್ನು ವೈದ್ಯರು ಹೇಳಲಿ.

ಕಟ್ಟಿ ಕೂರಿಸುವುದು ಬೀಳುವುದನ್ನು ತಡೆಯುವ ಸರಿಯಾದ ದಾರಿಯಲ್ಲ. ಬಿಡಿಸಿಕೊಳ್ಳಲು ಹೋಗಿ ಕುರ್ಚಿ ಸಮೇತ ಬೀಳುತ್ತಾರೆ, ಕಾಲಿನ ಶಕ್ತಿ ಕುಂದುತ್ತದೆ, ಹುಣ್ಣಾಗುತ್ತದೆ. ತಗ್ಗಾದ ಮಂಚ, ಹೊತ್ತಿಗೆ ಸರಿಯಾಗಿ ಶೌಚಾಲಯಕ್ಕೆ ಕರೆದೊಯ್ಯುವುದು, ದಿನಕ್ಕೆರಡು ಬಾರಿ ಜೊತೆಗೆ ನಡೆಸುವುದು, ಜಾರದ ಚಪ್ಪಲಿ, ಇವು ನಿಜವಾದ ಉಪಾಯಗಳು. ಇವನ್ನೇ ವ್ಯವಸ್ಥಾಪಕರ ಮುಂದಿಟ್ಟು, ‘ಅಪ್ಪನವರನ್ನು ಕಟ್ಟುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ’ ಎಂದು ದಿನಾಂಕ ಹಾಕಿ ಬರೆದುಕೊಟ್ಟು, ತಲುಪಿದ್ದಕ್ಕೆ ಸಹಿ ಪಡೆಯಿರಿ.

ನಿಮ್ಮ ಭಯ ಸಹಜ, ಆದರೆ ಅನುಭವದಲ್ಲಿ ನಾನು ಕಂಡಿರುವುದು, ಹೆಚ್ಚಾಗಿ ಬಂದು ಹೋಗುವವರಿರುವ ಹಿರಿಯರಿಗೇ ಹೆಚ್ಚು ಗಮನ ಸಿಗುತ್ತದೆ. ಹೊತ್ತು ಬದಲಿಸಿ ಬದಲಿಸಿ ಹೋಗಿ, ಅಪ್ಪನವರನ್ನು ಚೆನ್ನಾಗಿ ನೋಡಿಕೊಳ್ಳುವ ಆಯಾ ಯಾರೆಂದು ತಿಳಿದು ಅವರೊಡನೆ ಗೌರವದಿಂದ ಮಾತನಾಡಿ. ಬರೆದುಕೊಟ್ಟ ಮೇಲೂ ಕಟ್ಟುವುದು ನಿಲ್ಲದಿದ್ದರೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿ, ನಿಮ್ಮ ಜಿಲ್ಲೆಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಗೆ ಆ ಪತ್ರದ ಪ್ರತಿಯೊಡನೆ ಲಿಖಿತ ದೂರು ಕೊಡಿ. ಮೈಮೇಲೆ ಗಾಯ ಅಥವಾ ಬಾಸುಂಡೆ ಕಂಡರೆ ಕಾಯಬೇಡಿ: ಫೋಟೋ ತೆಗೆದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ದು ವೈದ್ಯರಿಂದ ಬರಹದಲ್ಲಿ ದಾಖಲಿಸಿ, 112ಕ್ಕೆ ತಿಳಿಸಿ.