ಲಾ ಮತ್ತು ಪಬ್ಲಿಕ್ ಪಾಲಿಸಿ ಒಟ್ಟಿಗೆ ಓದುವುದರಿಂದ ಲಾಭ ಇದೆಯಾ?

ಇದೆ, ಆದರೆ ಎಲ್ಲರಿಗೂ ಅಲ್ಲ. ಅಮೆರಿಕದಲ್ಲಿ ಜೆಡಿ (ಅಲ್ಲಿನ ಲಾ ಡಿಗ್ರಿ) 3 ವರ್ಷ, ಎಂಪಿಪಿ (ಪಬ್ಲಿಕ್ ಪಾಲಿಸಿ, ಅಂದರೆ ಸರ್ಕಾರದ ನೀತಿ ರೂಪಿಸುವುದನ್ನು ಕಲಿಸುವ ಮಾಸ್ಟರ್ಸ್ ಡಿಗ್ರಿ) 2 ವರ್ಷ. ಹಾರ್ವರ್ಡ್ ಲಾ ಸ್ಕೂಲ್ ಮತ್ತು ಅದೇ ಹಾರ್ವರ್ಡ್‌ನಲ್ಲಿ ಪಾಲಿಸಿ ಕಲಿಸುವ ಕೆನಡಿ ಸ್ಕೂಲಿನ ಜಂಟಿ ಕೋರ್ಸಿನಲ್ಲಿ ಎರಡೂ 4 ವರ್ಷಕ್ಕೆ ಮುಗಿಯುತ್ತವೆ. ಅರ್ಜಿ ಮಾತ್ರ ಎರಡೂ ಕಡೆ ಬೇರೆ ಬೇರೆ ಹಾಕಬೇಕು. ಒಂದು ಕಡೆ ಸೀಟು ಸಿಕ್ಕಿತೆಂದು ಇನ್ನೊಂದು ತಾನಾಗಿ ಸಿಗುವುದಿಲ್ಲ.

ಎರಡು ಓದಿಗೂ ಏನು ವ್ಯತ್ಯಾಸ ಅಂತೀರಾ? ನಮ್ಮ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನೇ ನೋಡಿ. ವ್ಯಾಪಾರಿಗಳ ಸರ್ವೆ ಮುಗಿದು ಅವರಿಗೆ ವ್ಯಾಪಾರದ ಸರ್ಟಿಫಿಕೇಟ್ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ ಎನ್ನುತ್ತದೆ ಅದು. ಸೊಪ್ಪಿನ ಗಾಡಿ ಎತ್ತಿಕೊಂಡು ಹೋದಾಗ ಈ ಸಾಲು ಹಿಡಿದು ವಾದಿಸಲು ಲಾ ಕಲಿಸುತ್ತದೆ. ಆದರೆ ಫುಟ್‌ಪಾತ್ ಎಷ್ಟು ಅಗಲ, ಎಷ್ಟು ಗಾಡಿ ಹಿಡಿಸುತ್ತೆ, ಸರ್ವೆಗೆ ದುಡ್ಡು ಎಲ್ಲಿಂದ? ಅದು ಪಾಲಿಸಿಯ ಕೆಲಸ. ಎರಡೂ ಗೊತ್ತಿರುವವರು ನಮಗೆ ತುಂಬಾ ಬೇಕು.

ಬರೀ ಕೋರ್ಟಿನಲ್ಲಿ ವಕೀಲಿಕೆ ಮಾಡುವ ಆಸೆ ಇದ್ದರೆ ಸುಮ್ನೆ ಜಾಸ್ತಿ ಖರ್ಚು ಬೇಡ, ಎಲ್‌ಎಲ್‌ಬಿ ಸಾಕು. ಈಗಾಗಲೇ ಎಲ್‌ಎಲ್‌ಬಿ ಆಗಿದೆಯಾ? ಹಾಗಿದ್ದರೆ ಎಂಪಿಪಿ ಮಾತ್ರ ಮಾಡಿ. ಬೆಂಗಳೂರಿನ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲೇ 2 ವರ್ಷದ ಎಂಪಿಪಿ ಇದೆ.