ರೈಜ್ ಮತ್ತು ರೇಜ್: ಏರುವುದು ಯಾವುದು, ಏರಿಸುವುದು ಯಾವುದು?

ಇಂಗ್ಲಿಷಿನ ಈ ಎರಡು ಕ್ರಿಯಾಪದಗಳ ಅರ್ಥವೇನು, ಎರಡಕ್ಕೂ ಮೂಲ ಒಂದೆಯೇ ಎಂಬುದು ಪ್ರಶ್ನೆ. ಉಚ್ಚರಿಸುವಾಗ ಕೊನೆಯ ಧ್ವನಿ ಜಕಾರಕ್ಕೆ ಹತ್ತಿರವಿರಲಿ. ಸಕಾರ ಮಾಡಿದರೆ ಮೊದಲನೆಯದು ಅನ್ನವಾಗಿಬಿಡುತ್ತದೆ.

ಮಳೆಗಾಲದಲ್ಲಿ ತುಂಗೆ ಏರಿ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗುತ್ತದಲ್ಲ, ಆ ಏರುವಿಕೆ ರೈಜ್. ಗಾಜನೂರು ಅಣೆಕಟ್ಟೆಯ ಗೇಟು ಎತ್ತುವುದು ರೇಜ್. ನೀರು ತಾನೇ ಏರುತ್ತದೆ, ಗೇಟನ್ನು ಯಾರಾದರೂ ಎತ್ತಲೇಬೇಕು. ಹಾಗಾಗಿ ರೇಜ್‌ಗೆ ಕರ್ಮಪದ ಬೇಕು, ರೈಜ್‌ಗೆ ಬೇಡ. ನಮ್ಮಲ್ಲಿ ‘ಇಸು’ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಒಂದು ಸ್ವರ ಮಾಡುತ್ತದೆ. ಭೂತಕಾಲದ ರೂಪಗಳು ರೋಜ್ ಮತ್ತು ರೇಜ್ಡ್.

ಮೂಲದ ಕಥೆ ಇದಕ್ಕಿಂತ ಸ್ವಾರಸ್ಯಕರ. ರೈಜ್ ಹಳೆಯ ಇಂಗ್ಲಿಷಿನ ಸ್ವಂತ ಪದ. ರೇಜ್ ಮಾತ್ರ 9ನೇ ಶತಮಾನದಿಂದ ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದವರ ಭಾಷೆಯಿಂದ ಬಂದದ್ದು. ಆದರೂ ಎರಡೂ ದಾಯಾದಿಗಳೇ, ಒಂದೇ ಜರ್ಮಾನಿಕ್ ಧಾತುವಿನವು. ಹಾಗಾದರೆ ಇಂಗ್ಲಿಷಿಗೆ ತನ್ನದೇ ಆದ ‘ಏರಿಸು’ ಇರಲಿಲ್ಲವೇ? ಇತ್ತು. ಧಾತುವಿನ ಸಕಾರ ರಕಾರವಾಗಿ ಅದು ರಿಯರ್ ಎಂದು ಉಳಿದಿದೆ. ಮಕ್ಕಳನ್ನೋ ದನಗಳನ್ನೋ ಸಾಕಿ ಬೆಳೆಸುವುದಕ್ಕೆ ಹೇಳುತ್ತಾರಲ್ಲ, ಅದೇ ಪದ.

ಇಂಥ ಜೋಡಿಗಳು ಇನ್ನೂ ಇವೆ. ಫಾಲ್ ಎಂದರೆ ಬೀಳು, ಫೆಲ್ ಎಂದರೆ ಮರ ಕಡಿದು ಬೀಳಿಸು (ಫಾಲ್‌ನ ಭೂತಕಾಲವಾದ ಫೆಲ್ ಬೇರೆ). ಸಿಟ್ ಮತ್ತು ಸೆಟ್ ಕೂಡ ಇದೇ ಬಗೆಯವು.

ಸಂಬಳದ ಹೆಚ್ಚಳದ ವಿಷಯದಲ್ಲಿ ಮಾತ್ರ ವಾದಕ್ಕಿಳಿಯಬೇಡಿ: ಬ್ರಿಟನ್ನಿನವರಿಗೆ ಅದು ರೈಜ್, ಅಮೆರಿಕದವರಿಗೆ ರೇಜ್.