ಸಂಪಾದಕರ ಉತ್ತರ: ಮೂರ್ತಿಗೆ ಹಾರ, ಮಾತಿಗೆ ಕತ್ತರಿ

ಜಮಖಂಡಿಯ ನಿವೃತ್ತ ಶಿಕ್ಷಕರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಈ ಸಲದ ಅಂಬೇಡ್ಕರ್ ಜಯಂತಿಯಂದು ಅವರು ಕೇಳಿದ ಭಾಷಣದಲ್ಲಿ ನಾಯಕರೊಬ್ಬರು, ಮನುಷ್ಯನನ್ನು ಚರ್ಮದ ಬಣ್ಣದಿಂದಲ್ಲ, ನಡತೆಯಿಂದ ಅಳೆಯುವ ದಿನ ಬರಲಿ ಎಂಬ ಅಮೆರಿಕದ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಆಶಯವನ್ನು ನೆನಪಿಸಿ, ಅದರ ಬೆನ್ನಿಗೇ ಇನ್ನು ಜಾತಿಯ ಲೆಕ್ಕ ಬಿಟ್ಟು ಪ್ರತಿಭೆಯ ಲೆಕ್ಕ ಹಿಡಿಯೋಣ ಎಂದರಂತೆ. ಇಂಥ ಭಾಷಣವನ್ನು ಪೂರ್ತಿಯಾಗಿ ಪ್ರಕಟಿಸಬೇಕು, ರಾಜಕಾರಣಿಗಳು ಮಹನೀಯರ ಹೆಸರೆತ್ತಿದಾಗಲೆಲ್ಲ ಪತ್ರಕರ್ತರು ಮೂಗು ಮುರಿಯುವುದು ಸರಿಯಲ್ಲ, ಆ ನೆಪದಿಂದಲಾದರೂ ಮಕ್ಕಳ ಕಿವಿಗೆ ಆ ಹೆಸರುಗಳು ಬೀಳುತ್ತವೆ ಎಂಬುದು ಪತ್ರದ ಸಾರ.

ಗುರುಗಳೇ, ಹೆಸರು ಕಿವಿಗೆ ಬೀಳುವುದು ಒಳ್ಳೆಯದೇ. ಜಯಂತಿಯ ರಜೆ, ಮೆರವಣಿಗೆ, ವೃತ್ತದಲ್ಲೊಂದು ಮೂರ್ತಿ, ಇವುಗಳಿಗಾಗಿ ಹೋರಾಡಿದವರನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ನನ್ನ ಒಪ್ಪಿಗೆ ಇಲ್ಲಿಗೇ ಮುಗಿಯುತ್ತದೆ. ನಾಲ್ಕು ದಶಕ ಮಕ್ಕಳಿಗೆ ಪಾಠವನ್ನು ಮೊದಲಿಂದ ಕೊನೆಯವರೆಗೆ ಓದಿ ಎಂದು ಹೇಳಿಕೊಟ್ಟಿರಬಹುದಾದ ನೀವು, ಒಂದೇ ಸಾಲು ಓದಿದವರಿಗೆ ಪೂರ್ಣ ಅಂಕ ಕೊಟ್ಟಿದ್ದೀರಲ್ಲ ಎಂಬುದೇ ನನ್ನ ಅಚ್ಚರಿ.

ಕಿಂಗ್ ಆ ಮಾತನ್ನಾಡಿದ್ದು 1963ರ ಆಗಸ್ಟ್ 28ರಂದು, ವಾಷಿಂಗ್ಟನ್ನಿನಲ್ಲಿ. ಅಂದಿನ ಮೆರವಣಿಗೆ ಕರೆದದ್ದು ಉದ್ಯೋಗಕ್ಕಾಗಿ ಮತ್ತು ಸ್ವಾತಂತ್ರ್ಯಕ್ಕಾಗಿ. ಗಂಟೆಗೆ ಎರಡು ಡಾಲರ್ ಕನಿಷ್ಠ ಕೂಲಿ ಅದರ ಬೇಡಿಕೆಗಳಲ್ಲಿ ಒಂದಾಗಿತ್ತು. ಅದೇ ಭಾಷಣದ ಆರಂಭದಲ್ಲಿ ಅವರು, ಅಮೆರಿಕ ತನ್ನ ಕಪ್ಪು ಪ್ರಜೆಗಳಿಗೆ ಕೊಟ್ಟ ಚೆಕ್ಕು ಖಾತೆಯಲ್ಲಿ ಹಣವಿಲ್ಲವೆಂದು ವಾಪಸಾಗಿದೆ, ಅದನ್ನು ವಸೂಲಿ ಮಾಡಲು ಬಂದಿದ್ದೇವೆ ಎಂದಿದ್ದರು. ಬಾಕಿ ಕೇಳಿದ ಆ ಭಾಗ ಜಯಂತಿಯ ವೇದಿಕೆಗಳಿಗೆ ಬರುವುದೇ ಇಲ್ಲ. ಇನ್ನೂ ಒಂದು ಸಂಗತಿ ನಿಮ್ಮ ನಾಯಕರಿಗೆ ಇರುಸುಮುರುಸು ತರಬಹುದು. 1959ರಲ್ಲಿ ಭಾರತಕ್ಕೆ ಬಂದುಹೋದ ಕಿಂಗ್, 1964ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇಲ್ಲಿನ ಅಸ್ಪೃಶ್ಯರಿಗೆ ಕಾಲೇಜು ಪ್ರವೇಶದಲ್ಲಿ ಸಿಗುವ ಆದ್ಯತೆಯನ್ನೇ ಉದಾಹರಿಸಿ, ತಮ್ಮ ದೇಶದಲ್ಲೂ ಶತಮಾನಗಳ ಅನ್ಯಾಯಕ್ಕೆ ಪರಿಹಾರ ರೂಪದ ವಿಶೇಷ ಕ್ರಮಗಳು ಬೇಕೆಂದು ವಾದಿಸಿದ್ದರು. ನಮ್ಮ ಮೀಸಲಾತಿಯನ್ನು ಮಾದರಿಯೆಂದು ಕಂಡವರ ಬಾಯಿಂದಲೇ ಅದರ ವಿರುದ್ಧದ ಮಾತನ್ನು ಹೊರಡಿಸುವುದು ಸಣ್ಣ ಸಾಹಸವಲ್ಲ.

ಈ ವಿದ್ಯೆ ನಮ್ಮಲ್ಲಿ ಹುಟ್ಟಿದ್ದೂ ಅಲ್ಲ. ಕಿಂಗ್ ಅವರ ಹೆಸರಿನ ರಾಷ್ಟ್ರೀಯ ರಜೆಗೆ ಮೊದಮೊದಲು ಒಲವು ತೋರದ ಅಧ್ಯಕ್ಷ ರೇಗನ್ 1983ರಲ್ಲಿ ಆ ಕಾನೂನಿಗೆ ಸಹಿ ಹಾಕಿದರು. ಮುಂದೆ ಅವರೇ ಕೋಟಾಗಳನ್ನು ವಿರೋಧಿಸಲು ಕಿಂಗ್ ಅವರ ಅದೇ ಸಾಲನ್ನು ಬಳಸಿದರು. ಬದುಕಿದ್ದಾಗ ಕಿಂಗ್ ಎಲ್ಲರಿಗೂ ಬೇಕಾದವರಾಗಿರಲಿಲ್ಲ. 1966ರ ಗ್ಯಾಲಪ್ ಸಮೀಕ್ಷೆಯಲ್ಲಿ ಹತ್ತರಲ್ಲಿ ಆರಕ್ಕೂ ಹೆಚ್ಚು ಅಮೆರಿಕನ್ನರು ಅವರ ಬಗ್ಗೆ ಅಸಮಾಧಾನ ಸೂಚಿಸಿದ್ದರು. ಮರುವರ್ಷ ಅವರು ವಿಯೆಟ್ನಾಂ ಯುದ್ಧವನ್ನು ಬಹಿರಂಗವಾಗಿ ಖಂಡಿಸಿದಾಗ ದೊಡ್ಡ ಪತ್ರಿಕೆಗಳೂ ಅವರ ಮೇಲೆ ಹರಿಹಾಯ್ದವು.

ಅವರು ಗುಂಡೇಟಿಗೆ ಬಲಿಯಾದದ್ದು 1968ರ ಏಪ್ರಿಲ್ 4ರಂದು, ಮೆಂಫಿಸ್‌ನಲ್ಲಿ. ಅಲ್ಲಿಗೆ ಹೋಗಿದ್ದು ಕಸ ಸಾಗಿಸುವ ಕಾರ್ಮಿಕರ ಮುಷ್ಕರವನ್ನು ಬೆಂಬಲಿಸಲು. ಆ ಫೆಬ್ರುವರಿಯಲ್ಲಿ ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಕಾರ್ಮಿಕರು ಸತ್ತಿದ್ದರು; ಸುಮಾರು 1,300 ಮಂದಿ ಕೆಲಸ ನಿಲ್ಲಿಸಿ, ನಾನೂ ಮನುಷ್ಯ ಎಂದು ಬರೆದ ಫಲಕ ಹಿಡಿದು ಬೀದಿಗಿಳಿದಿದ್ದರು. ನಮ್ಮ ನಗರಸಭೆಗಳಲ್ಲಿ ಕಸದ ಗಾಡಿ ಓಡಿಸುವವರು, ಕಸ ತುಂಬುವವರು, ಒಳಚರಂಡಿ ಕೆಲಸದವರು ಹೊರಗುತ್ತಿಗೆ ತಪ್ಪಿಸಿ ನೇರಪಾವತಿ ಕೊಡಿ, ಅಂದರೆ ಸಂಬಳವನ್ನು ಗುತ್ತಿಗೆದಾರರ ಕೈಗಲ್ಲ, ನಮ್ಮ ಕೈಗೇ ಕೊಡಿ ಎಂದು ಧರಣಿ ಕೂತಾಗ, ಕಿಂಗ್ ಅವರನ್ನು ಬಾಯಿಪಾಠ ಮಾಡಿದ ಎಷ್ಟು ನಾಯಕರು ಆ ಪೆಂಡಾಲಿಗೆ ಬಂದಿದ್ದಾರೆ? ಬಂದವರೂ ಮನವಿಪತ್ರ ಪಡೆದು, ಫೋಟೋ ತೆಗೆಸಿಕೊಂಡು ನಡೆದದ್ದನ್ನು ಕಂಡಿದ್ದೇನೆ. ಏಪ್ರಿಲ್ 14ರ ಮುಂಜಾನೆ ಮೂರ್ತಿಯ ಸುತ್ತಲಿನ ಕಟ್ಟೆ ತೊಳೆಯುವವರೂ ಅದೇ ಕಾರ್ಮಿಕರೇ.

ಬಾಬಾಸಾಹೇಬರ ವಿಷಯದಲ್ಲಂತೂ ಕತ್ತರಿ ಇನ್ನೂ ಹರಿತ. ಸಂವಿಧಾನ ಶಿಲ್ಪಿ ಎಂಬ ಬಿರುದು ಎಲ್ಲ ಪಕ್ಷಗಳ ಫ್ಲೆಕ್ಸ್‌ಗಳಲ್ಲೂ ಇದೆ. 1927ರಲ್ಲಿ ಅಸ್ಪೃಶ್ಯರಿಗೆ ಮುಟ್ಟಗೊಡದಿದ್ದ ಮಹಾಡಿನ ಚವದಾರ ಕೆರೆಯ ನೀರು ಕುಡಿದು, ಅದೇ ವರ್ಷದ ಡಿಸೆಂಬರ್‌ನಲ್ಲಿ ಮನುಸ್ಮೃತಿಯನ್ನು ಸುಟ್ಟವರು, ಮದುವೆ, ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಡಬೇಕಿದ್ದ ಹಿಂದೂ ಸಂಹಿತೆ ಮಸೂದೆ ನೆನೆಗುದಿಗೆ ಬಿದ್ದಿತೆಂದು 1951ರಲ್ಲಿ ಮಂತ್ರಿಪದವಿಯನ್ನೇ ಬಿಟ್ಟವರು ಫ್ಲೆಕ್ಸ್‌ನಲ್ಲಿಲ್ಲ. 1952ರ ಲೋಕಸಭಾ ಚುನಾವಣೆಯಲ್ಲೂ 1954ರ ಭಂಡಾರಾ ಉಪಚುನಾವಣೆಯಲ್ಲೂ ಅವರನ್ನು ಸೋಲಿಸಿದ ದೇಶ, ಭಾರತರತ್ನ ಕೊಟ್ಟದ್ದು 1990ರಲ್ಲಿ. ಸೋತವರನ್ನು ಮೆಚ್ಚುವುದಕ್ಕೆ ಅವರು ಮತ್ತೆ ಎದ್ದು ಮಾತನಾಡಲಾರರು ಎಂಬ ಖಾತ್ರಿ ಬೇಕೇನೋ.

ಇದನ್ನು ಒಂದು ಪಕ್ಷದ ತಲೆಗೆ ಕಟ್ಟುತ್ತಿಲ್ಲ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರಲ್ಲಿ ನಡೆದದ್ದು ನಮ್ಮ ಬೆಳಗಾವಿಯಲ್ಲಿ. ತಮಗಾಗಿ ಕಟ್ಟಿದ್ದ ಬಿಡಾರ ಗುಡಿಸಲಲ್ಲ, ಖಾದಿಯ ಅರಮನೆ ಎಂದು ಅವರು ಆಮೇಲೆ ಬರೆದು ತಕರಾರು ತೆಗೆದರು. ಅದರ ಶತಮಾನೋತ್ಸವಕ್ಕೆ 2024ರ ಡಿಸೆಂಬರ್‌ನಲ್ಲಿ ಅದೇ ಊರಿನ ರಸ್ತೆಗಳು ಕಟೌಟು, ದೀಪಾಲಂಕಾರಗಳಿಂದ ಝಗಮಗಿಸಿದವು. ಇತ್ತ ಕೂಡಲಸಂಗಮಕ್ಕೆ ಬಂದು ಬಸವಣ್ಣನವರನ್ನು ಕೊಂಡಾಡದ ಮುಖಂಡರಿಲ್ಲ. ಹರಳಯ್ಯ, ಮಧುವರಸರ ಮಕ್ಕಳ ಮದುವೆಗಾಗಿ ಕಲ್ಯಾಣವೇ ಹೊತ್ತಿ ಉರಿಯಿತೆಂದು ಪರಂಪರೆ ಹೇಳುತ್ತದೆ, ಆದರೆ ಅಂಥ ಅಂತರ್ಜಾತಿ ಮದುವೆ ಮಾಡಿಕೊಂಡು ಊರು ಬಿಟ್ಟು ಓಡಿದ ಜೋಡಿಯ ಪರವಾಗಿ ತಮ್ಮದೇ ಕ್ಷೇತ್ರದಲ್ಲಿ ಬಾಯಿ ಬಿಡುವವರು ವಿರಳ. ಟಿಕೆಟ್ ಹಂಚುವ ರಾತ್ರಿ ಒಳಪಂಗಡದವರೆಗೂ ಲೆಕ್ಕ ಹಾಕುವವರೇ ಹಗಲಲ್ಲಿ ಜಾತಿ ಬಿಡಿ ಎಂದು ನಮಗೆ ಬೋಧಿಸುತ್ತಾರೆ.

ಅಂಬೇಡ್ಕರ್ ಅವರ ಬರಹಗಳನ್ನೂ ಭಾಷಣಗಳನ್ನೂ ನಮ್ಮ ಸರ್ಕಾರವೇ ಕನ್ನಡದಲ್ಲಿ ಸಂಪುಟಗಳಾಗಿ ತಂದಿದೆ. ಒಂದು ಕಟೌಟಿಗೆ ಸುರಿಯುವ ದುಡ್ಡಿನಲ್ಲಿ ಎಷ್ಟೋ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಅವನ್ನು ಕೊಡಿಸಬಹುದು. ಭಾಷಣ ಬರೆದುಕೊಡುವ ಆಪ್ತ ಸಹಾಯಕರು ಮೊಬೈಲಿನಲ್ಲಿ ಸಿಕ್ಕ ನುಡಿಮುತ್ತಿನಿಂದಾಚೆ ಹೋಗುವುದಿಲ್ಲ. ಕೇಳುವ ನಾವೂ ಚಪ್ಪಾಳೆಯಿಂದಾಚೆ ಹೋಗುವುದಿಲ್ಲ.

ನೀವು ಕೇಳಿದಂತೆ ಆ ಭಾಷಣದ ಪ್ರತಿ ಕಳುಹಿಸಿ; ಪೂರ್ತಿ ಅಚ್ಚು ಹಾಕುತ್ತೇವೆ. ಎದುರು ಪುಟದಲ್ಲಿ, 1949ರ ನವೆಂಬರ್ 25ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಆಡಿದ ಮಾತಿನ ಎರಡು ಭಾಗಗಳಿರುತ್ತವೆ: ಮತದಲ್ಲಿ ಸಮಾನರಾಗಿ ಬದುಕಿನಲ್ಲಿ ಅಸಮಾನರಾಗಿ ಉಳಿಯುವ ವೈರುಧ್ಯದ ಬಗ್ಗೆ ಎಚ್ಚರಿಸಿದ್ದು ಒಂದು, ರಾಜಕೀಯದಲ್ಲಿ ವ್ಯಕ್ತಿಪೂಜೆ ಕಡೆಗೆ ಸರ್ವಾಧಿಕಾರಕ್ಕೆ ಒಯ್ಯುತ್ತದೆ ಎಂದದ್ದು ಇನ್ನೊಂದು. ನಿಮ್ಮ ನಾಯಕರಿಗೆ ಪೌರಕಾರ್ಮಿಕರ ನೇರಪಾವತಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕಳುಹಿಸುತ್ತಿದ್ದೇವೆ. ಉತ್ತರ ಬಂದರೆ ಅದಕ್ಕೂ ಅದೇ ಸಂಚಿಕೆಯಲ್ಲಿ ಜಾಗವಿದೆ.

— ಸಂಪಾದಕ